ಮಾರ್ನಿಂಗ್ ಬ್ರೂ ಲೆಕ್ಕ: ಒಬ್ಬ ಓದುಗ ಬರೋಕೆ ಎಷ್ಟು ಖರ್ಚು, ಬಂದ ಮೇಲೆ ಎಷ್ಟು ಆದಾಯ

2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಇನ್‌ಸೈಡರ್ ಎಂಬ ಸುದ್ದಿ ಕಂಪನಿ ಮಾರ್ನಿಂಗ್ ಬ್ರೂ ಎಂಬ ಇಮೇಲ್ ನ್ಯೂಸ್‌ಲೆಟರಿನ ಬಹುಪಾಲು ಷೇರು ಕೊಂಡಿತು. ಆ ವ್ಯವಹಾರದಲ್ಲಿ ಮಾರ್ನಿಂಗ್ ಬ್ರೂಗೆ ಕಟ್ಟಿದ ಬೆಲೆ 7.5 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಆ ಹೊತ್ತಿಗೆ ಅದಕ್ಕೆ ಸುಮಾರು 25 ಲಕ್ಷ ಓದುಗರು. ಓದೋಕೆ ಯಾರೂ ಒಂದು ಪೈಸೆ ಕೊಡಬೇಕಿರಲಿಲ್ಲ.

ನ್ಯೂಸ್‌ಲೆಟರಿನಿಂದ ದುಡ್ಡು ಮಾಡೋದು ಹೇಗೆ ಎಂಬ ಮಾತು ಬಂದರೆ ಈ ಹೆಸರು ಬಂದೇ ಬರುತ್ತದೆ. ಜೊತೆಗೆ ಒಂದು ಕಾಫಿ ಮಗ್ಗಿನ ಕಥೆಯೂ ಬರುತ್ತದೆ. ಗೆಳೆಯರನ್ನು ಸೇರಿಸಿದರೆ ಮಗ್ ಕೊಟ್ಟರಂತೆ, ಅದರಿಂದಲೇ ಬೆಳೆದರಂತೆ ಎಂದು. ಮಗ್ ಕೊಟ್ಟದ್ದು ನಿಜ. ಆದರೆ ಇವರು ಗೆದ್ದದ್ದು ಮಗ್ಗಿನಿಂದಲ್ಲ, ಲೆಕ್ಕದಿಂದ. ಒಬ್ಬ ಓದುಗನನ್ನು ತರೋಕೆ ಎಷ್ಟು ಖರ್ಚು, ಅವನಿಂದ ವರ್ಷಕ್ಕೆ ಎಷ್ಟು ಆದಾಯ ಅನ್ನೋದು ಅವರಿಗೆ ಗೊತ್ತಿತ್ತು. ಕನ್ನಡದಲ್ಲಿ ಇಂಥದ್ದೊಂದು ಮಾಡಬೇಕು ಅಂದುಕೊಂಡವರು ಮಗ್ ಪ್ರಿಂಟ್ ಮಾಡಿಸುವ ಮುಂಚೆ ಈ ಎರಡು ಸಂಖ್ಯೆ ನೋಡಿದರೆ ಒಳ್ಳೆಯದು.

ಪಿಡಿಎಫ್‌ನಿಂದ ಶುರು

ಅಲೆಕ್ಸ್ ಲೀಬರ್‌ಮನ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬಿಸಿನೆಸ್ ಓದುತ್ತಿದ್ದ. ಕೊನೆಯ ವರ್ಷ. ಕೆಲಸ ಆಗಲೇ ಖಾತ್ರಿಯಾಗಿತ್ತು, ಕೈಯಲ್ಲಿ ಸಮಯ ಜಾಸ್ತಿ ಇತ್ತು. ಇಂಟರ್‌ವ್ಯೂಗೆ ತಯಾರಾಗುತ್ತಿದ್ದ ಕಿರಿಯರಿಗೆ ನೆರವಾಗುತ್ತಿದ್ದ. ವ್ಯಾಪಾರದ ಸುದ್ದಿ ಎಲ್ಲಿ ಓದುತ್ತೀರಿ ಎಂದು ಅವರನ್ನು ಕೇಳಿದರೆ ಹೆಚ್ಚುಕಮ್ಮಿ ಎಲ್ಲರದೂ ಒಂದೇ ಉತ್ತರ: ವಾಲ್ ಸ್ಟ್ರೀಟ್ ಜರ್ನಲ್. ಯಾಕೆ ಎಂದರೆ, ಮನೆಯಲ್ಲಿ ಓದು ಅಂತಾರೆ. ಇಷ್ಟವೇ ಎಂದರೆ, ಇಲ್ಲ, ಬೋರು.

ಅವನು ದಿನವೂ ಒಂದು ಚಿಕ್ಕ ಸುದ್ದಿ ಸಾರಾಂಶ ಬರೆದು, ಪಿಡಿಎಫ್ ಮಾಡಿ, ಇಮೇಲಿಗೆ ಅಂಟಿಸಿ ಕಳಿಸತೊಡಗಿದ. ಹೆಸರು ಮಾರ್ಕೆಟ್ ಕಾರ್ನರ್. ಅದನ್ನು ಓದುತ್ತಿದ್ದ ಕಿರಿಯ ವಿದ್ಯಾರ್ಥಿ ಆಸ್ಟಿನ್ ರೀಫ್ ಜೊತೆಗೂಡಿದ. 2015ರಲ್ಲಿ ಅದು ಮಾರ್ನಿಂಗ್ ಬ್ರೂ ಆಯಿತು. ಪಿಡಿಎಫ್ ಹೋಯಿತು, ಇಮೇಲಿನ ಒಳಗೇ ಓದುವಂತಾಯಿತು. ಇದು ಚಿಕ್ಕ ಬದಲಾವಣೆ ಅನ್ನಿಸಬಹುದು. ಆದರೆ ಅಟ್ಯಾಚ್‌ಮೆಂಟ್ ತೆರೆದು ಓದುವವರು ಎಷ್ಟು ಜನ, ನೀವೇ ಹೇಳಿ.

ಮೊದಲ ಓದುಗರನ್ನು ಅವರು ಇಂಟರ್ನೆಟ್ಟಿನಲ್ಲಿ ಹುಡುಕಲಿಲ್ಲ. ದೊಡ್ಡ ದೊಡ್ಡ ಕ್ಲಾಸುಗಳಿಗೆ ಹೋದರು. ಪಾಠ ಶುರುವಾಗುವ ಮುಂಚೆ ಒಂದು ನಿಮಿಷ ಮಾತಾಡಿ, ಒಂದು ಹಾಳೆ ಕೊಟ್ಟು ಬೆಂಚಿಂದ ಬೆಂಚಿಗೆ ದಾಟಿಸಿದರು. ಹುಡುಗರು ಇಮೇಲ್ ಬರೆದು ಮುಂದಕ್ಕೆ ಕೊಟ್ಟರು. ಆಮೇಲೆ ಇವರು ಕೂತು ಒಂದೊಂದೇ ಟೈಪ್ ಮಾಡಿದರು. ಗೀಚಿದ ಅಕ್ಷರ ಓದೋಕಾಗದೆ ಕೈಬಿಟ್ಟವು ಎಷ್ಟೋ ಇದ್ದಿರಬೇಕು.

ಈ ಹಾಳೆಯ ಕೆಲಸವನ್ನು ನಾನು ತುಂಬಾ ಮುಖ್ಯ ಅನ್ನುತ್ತೇನೆ. ಯಾಕೆಂದರೆ ಆ ಹಾಳೆಯಲ್ಲಿ ಹೆಸರು ಬರೆದವರೆಲ್ಲ ಒಂದೇ ತರಹದವರು. ಒಂದೇ ವಯಸ್ಸು, ಒಂದೇ ಓದು, ಮುಂದಿನ ವರ್ಷ ಒಂದೇ ಬಗೆಯ ಕೆಲಸಕ್ಕೆ ಹೋಗುವವರು. ಎಲ್ಲರೂ ದಿನಾ ಒಂದೇ ಕಟ್ಟಡದಲ್ಲಿ ಸಿಗುವವರು. ಬೆಳಗ್ಗೆ ಓದಿದ್ದನ್ನು ಮಧ್ಯಾಹ್ನ ಒಬ್ಬರಿಗೊಬ್ಬರು ಹೇಳುತ್ತಿದ್ದರು. ಹೀಗೆ ಒತ್ತೊತ್ತಾಗಿ ಸೇರಿದ ಒಂದು ಸಾವಿರ ಜನ, ಚದುರಿಹೋದ ಹತ್ತು ಸಾವಿರಕ್ಕಿಂತ ಮೇಲು. ಬೇರೆ ಕಾಲೇಜುಗಳಲ್ಲೂ ವಿದ್ಯಾರ್ಥಿಗಳನ್ನು ಹಿಡಿದು, ಅವರ ಕ್ಯಾಂಪಸ್‌ನಲ್ಲಿ ಹೆಸರು ಸೇರಿಸುವ ಜವಾಬ್ದಾರಿ ಕೊಟ್ಟರು. 2012ರಲ್ಲಿ ಶುರುವಾಗಿದ್ದ ದಿ ಸ್ಕಿಮ್ ಎಂಬ ನ್ಯೂಸ್‌ಲೆಟರ್ ಈ ದಾರಿಯನ್ನು ಮೊದಲೇ ತೋರಿಸಿತ್ತು.

ಲೀಬರ್‌ಮನ್ ಓದು ಮುಗಿಸಿ ಮೋರ್ಗನ್ ಸ್ಟ್ಯಾನ್ಲಿ ಎಂಬ ದೊಡ್ಡ ಬ್ಯಾಂಕಿಗೆ ಕೆಲಸಕ್ಕೆ ಸೇರಿದ. 2016ರಲ್ಲಿ ಅದನ್ನು ಬಿಟ್ಟ. 2017ರಲ್ಲಿ ಪರಿಚಯದವರಿಂದ, ಹೂಡಿಕೆದಾರರಿಂದ ಸುಮಾರು 7.5 ಲಕ್ಷ ಡಾಲರ್ ಎತ್ತಿದರು. ಅಲ್ಲಿನ ಲೆಕ್ಕದಲ್ಲಿ ಇದು ಸಣ್ಣ ಮೊತ್ತ. ದುಡ್ಡು ಕಡಿಮೆ ಇದ್ದದ್ದು ಒಂದು ರೀತಿ ಒಳ್ಳೆಯದೇ ಆಯಿತು. ಖರ್ಚು ಮಾಡುವ ಮೊದಲು ಎಣಿಸಲೇಬೇಕಾಯಿತು.

ಅವರು ಕಳಿಸುತ್ತಿದ್ದದ್ದು ಏನು

ಬೆಳೆದದ್ದು ಹೇಗೆ ಎಂದು ಕೇಳುವವರು ಬೆಳೆದದ್ದು ಏನು ಎಂದು ಕೇಳೋದು ಕಡಿಮೆ. ಬೆಳಗ್ಗೆ ಎದ್ದು ಫೋನ್ ನೋಡುವ ಹೊತ್ತಿಗೆ ಇಮೇಲ್ ಬಂದಿರುತ್ತಿತ್ತು. ವಿಷಯದ ಸಾಲಿನಲ್ಲಿ ಒಂದು ಕಾಫಿ ಕಪ್ಪಿನ ಚಿತ್ರ. ಮೇಲ್ಗಡೆ ಷೇರುಪೇಟೆಯ ಏರಿಳಿತದ ಚಿಕ್ಕ ಪಟ್ಟಿ. ಕೆಳಗೆ ಮೂರ್ನಾಲ್ಕು ಸುದ್ದಿ, ಪ್ರತಿಯೊಂದೂ ಎರಡು ಮೂರು ಪ್ಯಾರಾ. ಕೊನೆಗೆ ಒಂದು ಒಗಟೋ ಆಟವೋ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಓದಿ ಮುಗಿಯುತ್ತಿತ್ತು. ಭಾಷೆ ಜೊತೆಯವನೊಬ್ಬ ಹೇಳಿದ ಹಾಗೆ. ಅವರೇ ಹುಡುಕಿ ತಂದ ಸುದ್ದಿ ಕಡಿಮೆ, ಬೇರೆಯವರ ಸುದ್ದಿಯನ್ನು ಚೆನ್ನಾಗಿ ಹೇಳಿದ್ದೇ ಜಾಸ್ತಿ.

ಇದರ ಬಗ್ಗೆ ಪತ್ರಕರ್ತರಿಗೆ ತಕರಾರು ಇದೆ, ಇರಬೇಕಾದದ್ದೇ. ಬೇರೆಯವರು ದುಡಿದದ್ದನ್ನು ಇವರು ಸುಲಿದು ಕೊಟ್ಟರು ಎಂಬ ಮಾತಿನಲ್ಲಿ ಹುರುಳಿದೆ. ಆದರೂ ವ್ಯಾಪಾರದ ಕಣ್ಣಿನಲ್ಲಿ ನೋಡಿದರೆ ಇದರಿಂದ ಒಂದು ದೊಡ್ಡ ಉಳಿತಾಯ ಆಯಿತು. ವರದಿಗಾರರ ದಂಡು ಬೇಕಿಲ್ಲ. ಕೆಲವೇ ಬರಹಗಾರರು ಸಾಕು. ಓದುಗರು ಹತ್ತು ಪಟ್ಟು ಆದರೂ ಬರೆಯುವ ಖರ್ಚು ಹತ್ತು ಪಟ್ಟು ಆಗೋದಿಲ್ಲ.

ಮಗ್ಗಿನ ವಿಚಾರ

ಇನ್ನು ಆ ಪ್ರಸಿದ್ಧ ರೆಫರಲ್, ಅಂದರೆ ಓದುಗರೇ ಹೊಸ ಓದುಗರನ್ನು ಕರೆತರುವ ವ್ಯವಸ್ಥೆ. ಪ್ರತಿ ಇಮೇಲಿನ ಕೆಳಗೆ ಓದುಗನಿಗೆ ಅವನದೇ ಆದ ಒಂದು ಲಿಂಕ್ ಇರುತ್ತಿತ್ತು. ಪಕ್ಕದಲ್ಲೇ ಅವನು ಇಲ್ಲಿಯವರೆಗೆ ಎಷ್ಟು ಜನರನ್ನು ಸೇರಿಸಿದ್ದಾನೆ ಎಂಬ ಸಂಖ್ಯೆ, ಮುಂದಿನ ಉಡುಗೊರೆಗೆ ಇನ್ನೆಷ್ಟು ಬೇಕು ಎಂಬ ಮಾತು. ಮೂವರನ್ನು ಸೇರಿಸಿದರೆ ಭಾನುವಾರದ ವಿಶೇಷ ಸಂಚಿಕೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಸ್ಟಿಕ್ಕರ್, ಮಗ್, ಟಿ-ಶರ್ಟ್.

ಮೊದಲ ಮೆಟ್ಟಿಲನ್ನು ಗಮನಿಸಿ. ಭಾನುವಾರದ ಸಂಚಿಕೆಯನ್ನು ಇನ್ನೊಬ್ಬರಿಗೆ ಕಳಿಸೋಕೆ ಖರ್ಚೇ ಇಲ್ಲ ಅನ್ನಬಹುದು. ಹೆಚ್ಚಿನವರು ಈ ಮೊದಲ ಮೆಟ್ಟಿಲಿಗೇ ನಿಲ್ಲುತ್ತಾರೆ. ಅಂದರೆ ಮೂವರು ಹೊಸ ಓದುಗರು ಪುಕ್ಕಟೆ. ಮಗ್ಗಿನ ತನಕ ಏರುವವರು ಕಡಿಮೆ, ಆದರೆ ಅವರು ಮಗ್ಗಿನ ಬೆಲೆಗಿಂತ ಜಾಸ್ತಿ ಓದುಗರನ್ನು ತಂದಿರುತ್ತಾರೆ. ಉಡುಗೊರೆ ಕೊಡೋದು ಕೆಲಸ ಆದ ಮೇಲೆ. ಹಾಗಾಗಿ ನಷ್ಟದ ಭಯ ಕಡಿಮೆ. ಜೊತೆಗೆ, ಹೊಸಬ ತನ್ನ ಇಮೇಲ್ ಖಚಿತಪಡಿಸಿದ ಮೇಲೆಯೇ ಅವನ ಲೆಕ್ಕ ಹಿಡಿಯುತ್ತಿದ್ದರು. ಇಲ್ಲದಿದ್ದರೆ ಮಗ್ಗಿನ ಆಸೆಗೆ ಹತ್ತಾರು ಸುಳ್ಳು ಇಮೇಲ್ ಹುಟ್ಟಿಕೊಳ್ಳುತ್ತಿದ್ದವು. ಎಲ್ಲ ದೇಶದಲ್ಲೂ ಜನ ಜಾಣರೇ.

ಈ ವ್ಯವಸ್ಥೆ ಕಟ್ಟಿದವನು ಟೈಲರ್ ಡೆಂಕ್. ಒಂದೂವರೆ ವರ್ಷದಲ್ಲಿ ಓದುಗರು 1 ಲಕ್ಷದಿಂದ 15 ಲಕ್ಷಕ್ಕೆ ಏರಿದರು ಎಂದು ಅವನು ಆಮೇಲೆ ಬರೆದಿದ್ದಾನೆ. ಆದರೆ ರೆಫರಲ್ ಮೂಲಕ ಬಂದವರು ಒಟ್ಟಿನ ಮೂರನೇ ಒಂದರ ಆಸುಪಾಸು. ಉಳಿದವರಲ್ಲಿ ದೊಡ್ಡ ಪಾಲು ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಡೆ ದುಡ್ಡು ಕೊಟ್ಟು ಹಾಕಿದ ಜಾಹೀರಾತಿನಿಂದ ಬಂದವರು. ಕಥೆ ಹೇಳುವವರು ಈ ಭಾಗವನ್ನು ಮೆಲ್ಲಗೆ ದಾಟಿಬಿಡುತ್ತಾರೆ.

ಎರಡೂ ಸೇರಿದಾಗಲೇ ಲೆಕ್ಕ ಕೂಡುವುದು. ಒಂದು ಉದಾಹರಣೆ ಇಟ್ಟುಕೊಳ್ಳೋಣ, ಇದು ನನ್ನ ಊಹೆಯ ಸಂಖ್ಯೆ. ಜಾಹೀರಾತಿಗೆ 3 ಡಾಲರ್ ಕೊಟ್ಟರೆ ಒಬ್ಬ ಓದುಗ ಬರುತ್ತಾನೆ ಅನ್ನಿ. ಅಂಥ ಇಬ್ಬರು ಸೇರಿ ಇನ್ನೊಬ್ಬನನ್ನು ಕರೆತಂದರೆ 6 ಡಾಲರಿಗೆ ಮೂವರು ಬಂದ ಹಾಗಾಯಿತು. ತಲೆಗೆ 2 ಡಾಲರ್. ರೆಫರಲ್ ಇಲ್ಲದ ಪ್ರತಿಸ್ಪರ್ಧಿ ಅದೇ ಫೇಸ್‌ಬುಕ್ ಜಾಗಕ್ಕೆ ತಲೆಗೆ 3 ಡಾಲರ್ ಕೊಡುತ್ತಲೇ ಇರಬೇಕು. ಮಗ್ಗಿನ ನಿಜವಾದ ಕೆಲಸ ಇದೇ, ಕೊಂಡು ತಂದ ಓದುಗನನ್ನು ಅಗ್ಗ ಮಾಡುವುದು.

ಒಬ್ಬ ಓದುಗನ ಬೆಲೆ

ಸುದ್ದಿಯಾದ ಅಂಕಿಗಳ ಪ್ರಕಾರ ಮಾರ್ನಿಂಗ್ ಬ್ರೂ ಆದಾಯ 2018ರಲ್ಲಿ ಸುಮಾರು 30 ಲಕ್ಷ ಡಾಲರ್, 2019ರಲ್ಲಿ ಸುಮಾರು 1.3 ಕೋಟಿ, 2020ರಲ್ಲಿ ಸುಮಾರು 2 ಕೋಟಿ ಡಾಲರ್. ಹೆಚ್ಚುಕಮ್ಮಿ ಎಲ್ಲವೂ ಜಾಹೀರಾತಿನಿಂದ.

2020ರ 2 ಕೋಟಿಯನ್ನು 25 ಲಕ್ಷ ಓದುಗರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 8 ಡಾಲರ್. ಆಗಿನ ದರದಲ್ಲಿ ಸುಮಾರು 600 ರೂಪಾಯಿ. ಪಾಡ್‌ಕಾಸ್ಟಿನ ದುಡ್ಡೂ, ಬೇರೆ ನ್ಯೂಸ್‌ಲೆಟರುಗಳ ದುಡ್ಡೂ ಇದರಲ್ಲಿ ಸೇರಿದೆ, ಆದ್ದರಿಂದ ಇದು ಅಂದಾಜು. ಆದರೂ ಅಳತೆ ಸಿಗುತ್ತದೆ. ವರ್ಷಕ್ಕೆ 310 ಇಮೇಲ್, ಹತ್ತರಲ್ಲಿ ನಾಲ್ಕು ತೆರೆದರೆ ಒಬ್ಬ ಓದುಗ ವರ್ಷಕ್ಕೆ ಸುಮಾರು 124 ಸಲ ತೆರೆಯುತ್ತಾನೆ. 8 ಡಾಲರ್ ಅಂದರೆ ಸಾವಿರ ಸಲ ತೆರೆದದ್ದಕ್ಕೆ ಸುಮಾರು 65 ಡಾಲರ್ ಆದಾಯ. ವೆಬ್‌ಸೈಟ್ ಪಕ್ಕದಲ್ಲಿ ಮಿನುಗುವ ಜಾಹೀರಾತಿಗೆ ಇದರ ಹತ್ತಿರವೂ ಸಿಗೋದಿಲ್ಲ.

ಇಷ್ಟು ಜಾಸ್ತಿ ಯಾಕೆ ಸಿಕ್ಕಿತು? ಮೊದಲನೆಯದು, ಆ ಹಾಳೆಯಲ್ಲಿ ಹೆಸರು ಬರೆದ ಹುಡುಗರು ಈಗ ಬ್ಯಾಂಕಿನಲ್ಲಿ, ಕನ್ಸಲ್ಟಿಂಗ್ ಕಂಪನಿಯಲ್ಲಿ ದುಡಿಯುತ್ತಿದ್ದರು. ಕ್ರೆಡಿಟ್ ಕಾರ್ಡ್, ಹೂಡಿಕೆ ಆ್ಯಪ್ ಮಾರುವವರಿಗೆ ಬೇಕಾದವರು ಇವರೇ. ಎರಡನೆಯದು, ಜಾಹೀರಾತನ್ನು ಮಾರ್ನಿಂಗ್ ಬ್ರೂ ಬರಹಗಾರರೇ ತಮ್ಮ ಧಾಟಿಯಲ್ಲಿ ಬರೆಯುತ್ತಿದ್ದರು. ಪ್ರಾಯೋಜಿತ ಎಂದು ಮೇಲೆ ಹಾಕಿರುತ್ತಿದ್ದರು, ಮುಚ್ಚಿಡುತ್ತಿರಲಿಲ್ಲ. ಆದರೆ ಅದೂ ಓದಿಸಿಕೊಂಡು ಹೋಗುತ್ತಿತ್ತು. ಒಂದು ಇಮೇಲಿಗೆ ಜಾಹೀರಾತು ಕೆಲವೇ ಕೆಲವು. ಹಾಗಾಗಿ ಒಂದೊಂದಕ್ಕೂ ಬೆಲೆ.

ಮೂರನೆಯದು ಕಣ್ಣಿಗೆ ಬೀಳದ ಕೆಲಸ: ಇಮೇಲ್ ತೆರೆಯದವರನ್ನು ಪಟ್ಟಿಯಿಂದ ತೆಗೆಯುವುದು. ಆಮಂತ್ರಣ ಕೊಟ್ಟವರೆಲ್ಲ ಮದುವೆಯೂಟಕ್ಕೆ ಬರೋದಿಲ್ಲ, ಎಲೆ ಹಾಕೋದು ಬಂದವರಿಗೆ ಮಾತ್ರ ಅಲ್ವಾ? ತೆರೆಯದವರು ಜಾಸ್ತಿಯಾದಷ್ಟೂ ಜಿಮೇಲ್‌ಗೆ ಅನುಮಾನ ಬರುತ್ತದೆ, ಇದು ಯಾರಿಗೂ ಬೇಡದ ಇಮೇಲ್ ಇರಬೇಕು ಎಂದು. ಆಮೇಲೆ ಓದುವವರ ಇಮೇಲೂ ಸ್ಪ್ಯಾಮಿಗೆ ಬೀಳುತ್ತದೆ. ಸಂಖ್ಯೆ ದೊಡ್ಡದಾಗಿ ಕಾಣಲಿ ಎಂದು ಸತ್ತ ಹೆಸರುಗಳನ್ನು ಇಟ್ಟುಕೊಳ್ಳುವವರು ಇದನ್ನು ತಡವಾಗಿ ಕಲಿಯುತ್ತಾರೆ.

ಮಾರಿದ ಮೇಲೆ

7.5 ಕೋಟಿಯನ್ನು 25 ಲಕ್ಷಕ್ಕೆ ಭಾಗಿಸಿದರೆ ತಲೆಗೆ 30 ಡಾಲರ್. ಒಬ್ಬ ಓದುಗನಿಂದ ನಾಲ್ಕು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಬರುವ ಆದಾಯದಷ್ಟು ಬೆಲೆ. ಆಗ ಇದನ್ನು ಕೆಲವರು ದುಬಾರಿ ಅಂದರು, ನನಗೆ ಹಾಗನ್ನಿಸೋದಿಲ್ಲ. ಕೆಲವೇ ತಿಂಗಳಲ್ಲಿ, 2021ರ ಫೆಬ್ರವರಿಯಲ್ಲಿ, ದಿ ಹಸಲ್ ಎಂಬ ಇದೇ ಬಗೆಯ ನ್ಯೂಸ್‌ಲೆಟರನ್ನು ಹಬ್‌ಸ್ಪಾಟ್ ಎಂಬ ಸಾಫ್ಟ್‌ವೇರ್ ಕಂಪನಿ ಕೊಂಡಿತು. ಅದಕ್ಕೆ ಬೇಕಿದ್ದದ್ದು ಜಾಹೀರಾತಿನ ಆದಾಯಕ್ಕಿಂತ ಹೆಚ್ಚಾಗಿ ತನ್ನ ಸಾಫ್ಟ್‌ವೇರ್ ಕೊಳ್ಳಬಹುದಾದ ಜನ.

ಮಾರ್ನಿಂಗ್ ಬ್ರೂ ಅಷ್ಟರಲ್ಲಿ ಕವಲೊಡೆದಿತ್ತು. ಅಂಗಡಿ ವ್ಯಾಪಾರದವರಿಗೆ ಒಂದು, ಮಾರ್ಕೆಟಿಂಗ್‌ನವರಿಗೆ ಒಂದು, ತಂತ್ರಜ್ಞಾನದವರಿಗೆ ಒಂದು ಹೀಗೆ ಬೇರೆ ಬೇರೆ ನ್ಯೂಸ್‌ಲೆಟರ್. ಓದುಗರು ಕಡಿಮೆ, ಆದರೆ ಕಂಪನಿಗಳಿಗೆ ಮಾರುವವರು ಆ ಕಡಿಮೆ ಜನಕ್ಕೇ ಹೆಚ್ಚು ಕೊಡುತ್ತಾರೆ. ನನಗೆ ಇಡೀ ಕಥೆಯಲ್ಲಿ ಅತಿ ಜಾಣ ಹೆಜ್ಜೆ ಇದೇ ಅನ್ನಿಸುತ್ತದೆ, ಮಗ್ಗಿಗಿಂತ.

ಪೆಟ್ಟೂ ಬಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪಿನಲ್ಲಿ ಖಾಸಗಿತನದ ಹೊಸ ವ್ಯವಸ್ಥೆ ತಂದಿತು. ಇಮೇಲ್ ತೆರೆದಿದ್ದಾರೋ ಇಲ್ಲವೋ ಎಂದು ತಿಳಿಯುವುದು ಅದರೊಳಗಿನ ಒಂದು ಕಾಣದ ಚಿತ್ರದಿಂದ. ಆ ಚಿತ್ರವನ್ನು ಆ್ಯಪಲ್ ತಾನೇ ಮೊದಲೇ ಇಳಿಸಿಕೊಳ್ಳತೊಡಗಿತು. ಓದುಗ ಮುಟ್ಟದ ಇಮೇಲೂ ತೆರೆದಂತೆ ಕಾಣತೊಡಗಿತು. ತೆರೆದ ಲೆಕ್ಕದ ಮೇಲೆ ಜಾಹೀರಾತು ಮಾರುತ್ತಿದ್ದ ಎಲ್ಲ ನ್ಯೂಸ್‌ಲೆಟರುಗಳ ಅಳತೆಗೋಲೇ ಅಲುಗಿತು. ಅಂದಿನಿಂದ ಕ್ಲಿಕ್ಕಿನ ಲೆಕ್ಕ ನಂಬಿಕೆಯದು. ಮೇಲೆ ನಾನು ಹಾಕಿದ ‘ಹತ್ತರಲ್ಲಿ ನಾಲ್ಕು’ ಲೆಕ್ಕವೂ ಅದಕ್ಕೆ ಹಿಂದಿನ ಕಾಲದ್ದು.

2022ರ ಕೊನೆಗೆ ಅಮೆರಿಕದಲ್ಲಿ ಜಾಹೀರಾತು ಕುಗ್ಗಿತು. ಆ ನವೆಂಬರ್‌ನಲ್ಲಿ ಮಾರ್ನಿಂಗ್ ಬ್ರೂ ಶೇ 14ರಷ್ಟು ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಓದುಗರೇನೂ ಓಡಿಹೋಗಿರಲಿಲ್ಲ, ಜಾಹೀರಾತುದಾರರು ಕೈ ಬಿಗಿಹಿಡಿದರು ಅಷ್ಟೇ. ಓದುಗನಿಂದ ನೇರವಾಗಿ ದುಡ್ಡು ಬಾರದ ವ್ಯವಹಾರದಲ್ಲಿ ಈ ಅಪಾಯ ಇದ್ದದ್ದೇ. ಇತ್ತ ಟೈಲರ್ ಡೆಂಕ್ 2021ರಲ್ಲೇ ಬೀಹೈವ್ ಎಂಬ ಕಂಪನಿ ಶುರುಮಾಡಿದ್ದ. ಮಾರ್ನಿಂಗ್ ಬ್ರೂಗಾಗಿ ಕಟ್ಟಿದಂಥ ರೆಫರಲ್ ಸಲಕರಣೆಯನ್ನು ಈಗ ಯಾರು ಬೇಕಾದರೂ ಬಾಡಿಗೆಗೆ ಪಡೆಯಬಹುದು. ಎಲ್ಲರ ಕೈಗೂ ಸಿಕ್ಕ ಮೇಲೆ ಅದರ ಮೊದಲಿನ ಹರಿತ ಉಳಿಯಲಿಲ್ಲ ಎಂಬುದೂ ನಿಜ.

ಬೇರೆ ದಾರಿ ಹಿಡಿದವರು

ಬೆನ್ ಥಾಂಪ್ಸನ್ 2013ರಲ್ಲಿ ತೈವಾನಿನ ತೈಪೆಯಿಂದ ಸ್ಟ್ರಾಟೆಕರಿ ಎಂಬ ತಂತ್ರಜ್ಞಾನ ವ್ಯಾಪಾರದ ವಿಶ್ಲೇಷಣೆಯ ಬರಹ ಶುರುಮಾಡಿದ. 2014ರಲ್ಲಿ ತಿಂಗಳಿಗೆ 10 ಡಾಲರ್, ವರ್ಷಕ್ಕೆ 100 ಡಾಲರ್ ಚಂದಾ ಇಟ್ಟ. ಒಬ್ಬನೇ ಬರೆಯುತ್ತಿದ್ದ. ಲೆಕ್ಕ ಹಾಕಿ ನೋಡಿ: 100 ಡಾಲರ್ ಕೊಡುವ ಒಬ್ಬ ಓದುಗ ಮಾರ್ನಿಂಗ್ ಬ್ರೂನ ಹನ್ನೆರಡಕ್ಕೂ ಹೆಚ್ಚು ಓದುಗರಿಗೆ ಸಮ. ಯಾರು ಬೇಕಾದರೂ ಚಂದಾ ಪಡೆದು ನ್ಯೂಸ್‌ಲೆಟರ್ ಕಳಿಸಬಹುದಾದ ಸಬ್‌ಸ್ಟ್ಯಾಕ್ ಎಂಬ ವೇದಿಕೆ 2017ರಲ್ಲಿ ಹುಟ್ಟಿದ್ದೇ ಈ ಮಾದರಿ ನೋಡಿ. ಅದು ಚಂದಾದ ಶೇ 10 ತೆಗೆದುಕೊಳ್ಳುತ್ತದೆ.

ನಮ್ಮ ಬೆಂಗಳೂರಲ್ಲೂ ಎರಡು ಉದಾಹರಣೆ ಇವೆ. 2016ರಲ್ಲಿ ಶುರುವಾದ ದಿ ಕೆನ್ ದಿನಕ್ಕೆ ಒಂದೇ ಆಳವಾದ ವರದಿ ಕೊಟ್ಟು ಚಂದಾ ಕೇಳಿತು. ಆಗ ಆನ್‌ಲೈನ್ ಓದಿಗೆ ನಮ್ಮಲ್ಲಿ ಯಾರು ದುಡ್ಡು ಕೊಡ್ತಾರೆ ಎಂದು ನಕ್ಕವರೇ ಹೆಚ್ಚು. ಇನ್ನೊಂದು ಫಿನ್‌ಶಾಟ್ಸ್. ದಿನಕ್ಕೊಂದು ಹಣಕಾಸಿನ ವಿಷಯ, ಮೂರು ನಿಮಿಷದ ಓದು, ಪುಕ್ಕಟೆ. ಷೇರು ದಲ್ಲಾಳಿ ಕಂಪನಿ ಜೆರೋಧಾದ ಹೂಡಿಕೆ ವಿಭಾಗ ರೇನ್‌ಮ್ಯಾಟರ್ ಅದರಲ್ಲಿ ಹಣ ಹೂಡಿತು. ಅದೇ ತಂಡ ಡಿಟ್ಟೋ ಎಂಬ ವಿಮಾ ಸಲಹೆಯ ವ್ಯವಹಾರ ಕಟ್ಟಿತು. ವರ್ಷಗಟ್ಟಲೆ ಹಣಕಾಸನ್ನು ಸರಳವಾಗಿ ಹೇಳಿದವರ ಮಾತನ್ನು ಜನ ವಿಮೆ ಕೊಳ್ಳುವಾಗಲೂ ನಂಬಿದರು. ಜಾಹೀರಾತಿಗೆ ಬೇರೆಯವರನ್ನು ಕಾಯುವ ಬದಲು ತಮ್ಮದೇ ಸರಕು ಇಟ್ಟುಕೊಂಡರು.

ಕನ್ನಡಕ್ಕೆ ಬಂದರೆ

ಮಾರ್ನಿಂಗ್ ಬ್ರೂನ 8 ಡಾಲರ್ ಕನ್ನಡಕ್ಕೆ ಹೊಂದೋದಿಲ್ಲ. ಕನ್ನಡ ಓದುಗನಿಗಾಗಿ ವರ್ಷಕ್ಕೆ 600 ರೂಪಾಯಿ ಕೊಡುವ ಜಾಹೀರಾತುದಾರರನ್ನು ಹುಡುಕೋದು ಕಷ್ಟ. ಹಾಗಾಗಿ ಫೇಸ್‌ಬುಕ್ಕಿಗೆ ದುಡ್ಡು ಸುರಿದು ಓದುಗರನ್ನು ಕೊಳ್ಳುವ ಅರ್ಧವನ್ನು ಮೊದಲೇ ಬಿಟ್ಟುಬಿಡಬೇಕು. ಉಳಿಯೋದು ಹಾಳೆ ದಾಟಿಸುವ ಅರ್ಧ: ಒಂದೇ ಕಸುಬಿನ, ಒಂದೇ ಆಸಕ್ತಿಯ, ಒಬ್ಬರಿಗೊಬ್ಬರು ಸಿಗುವ ಜನ. ಅಡಿಕೆ ಬೆಳೆಗಾರರು, ಕೆಪಿಎಸ್‌ಸಿಗೆ ಓದುವವರು, ಸಣ್ಣ ಊರಿನ ಲೆಕ್ಕಪತ್ರ ನೋಡುವವರು, ಹೊರದೇಶದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಅಪ್ಪ ಅಮ್ಮಂದಿರು. ಇಲ್ಲಿ ವರ್ಷಕ್ಕೆ 500 ರೂಪಾಯಿ ಚಂದಾ ಕೊಡುವ ಸಾವಿರ ಜನ ಸಿಕ್ಕರೆ 5 ಲಕ್ಷ ಆಯಿತು. ಪತ್ರಿಕೆಗೆ ವಾರ್ಷಿಕ ಚಂದಾ ಕಟ್ಟಿ ರೂಢಿ ಇರುವ ನಮ್ಮ ಜನಕ್ಕೆ ಇದು ಹೊಸದೂ ಅಲ್ಲ.

ಚಂದಾ ವಸೂಲಿಯಲ್ಲಿ ಒಂದು ತೊಡಕಿದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ತಾನಾಗಿ ದುಡ್ಡು ಕಡಿತ ಆಗುವ 24 ಗಂಟೆ ಮುಂಚೆ ಗ್ರಾಹಕರಿಗೆ ತಿಳಿಸಬೇಕು. ಒಟಿಪಿ ಇಲ್ಲದೆ ಕಡಿತ ಮಾಡುವ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರಲ್ಲಿ 15,000 ಆಯಿತು. ನಿಯಮ ಜಾರಿಯಾದ ದಿನಗಳಲ್ಲಿ ಎಷ್ಟೋ ಚಂದಾಗಳು ನವೀಕರಣವಾಗದೆ ನಿಂತುಹೋದವು. ತಿಂಗಳ ಚಂದಾ ಇಟ್ಟರೆ ವರ್ಷಕ್ಕೆ ಹನ್ನೆರಡು ಸಲ ಈ ಬಾಗಿಲು ದಾಟಬೇಕು, ಹನ್ನೆರಡು ಸಲ ಓದುಗನಿಗೆ ಬಿಡಬೇಕೇ ಎಂಬ ಯೋಚನೆ ಬರುತ್ತದೆ. ವಾರ್ಷಿಕ ಚಂದಾ ಇಟ್ಟು ಯುಪಿಐನಲ್ಲಿ ತೆಗೆದುಕೊಳ್ಳೋದು ಎಷ್ಟೋ ಹಗುರ.

ಇನ್ನೊಂದು ವಿಷಯ ಕನ್ನಡದವರೇ ಗಮನಿಸಬೇಕಾದ್ದು, ಇಂಗ್ಲಿಷಿನ ಸಲಹೆಗಾರರಿಗೆ ಇದು ಹೊಳೆಯೋದಿಲ್ಲ. ಜಿಮೇಲ್ ಸುಮಾರು 102 ಕೆಬಿ ಮೀರಿದ ಇಮೇಲನ್ನು ನಡುವೆ ಕತ್ತರಿಸಿ, ಉಳಿದದ್ದು ನೋಡಲು ಇಲ್ಲಿ ಒತ್ತಿ ಎಂದು ತೋರಿಸುತ್ತದೆ. ಯೂನಿಕೋಡಿನಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು, ಒತ್ತಕ್ಷರ, ಕಾಗುಣಿತ ಎಲ್ಲ ಬೇರೆ ಬೇರೆ ಚಿಹ್ನೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ 18 ಬೈಟ್ ತಿನ್ನುತ್ತದೆ. ಎರಡು ಸಾವಿರ ಪದದ ಕನ್ನಡ ಬರಹ ಬರೀ ಅಕ್ಷರದಲ್ಲೇ 50 ಕೆಬಿ ಹತ್ತಿರ ಹೋಗುತ್ತದೆ. ಅದರ ಮೇಲೆ ಅಲಂಕಾರದ ಟೆಂಪ್ಲೇಟಿನ ಕೋಡ್ ಸೇರಿದರೆ ಕತ್ತರಿ ಬಿತ್ತು. ಚಿತ್ರಗಳು ಈ ಲೆಕ್ಕಕ್ಕೆ ಸೇರೋದಿಲ್ಲ, ಅಕ್ಷರ ಮತ್ತು ಕೋಡ್ ಸೇರುತ್ತವೆ.

ಕತ್ತರಿಸಿ ಹೋಗೋದು ಕೆಳಗಿನ ಭಾಗ. ರೆಫರಲ್ ಲಿಂಕ್ ಇರೋದು ಅಲ್ಲಿ. ಅನ್‌ಸಬ್‌ಸ್ಕ್ರೈಬ್ ಇರೋದೂ ಅಲ್ಲೇ. ಬೇಡ ಅನ್ನಿಸಿದವನಿಗೆ ಅದು ಕಾಣದಿದ್ದರೆ ಸೀದಾ ಸ್ಪ್ಯಾಮ್ ಗುಂಡಿ ಒತ್ತುತ್ತಾನೆ. 2024ರ ಫೆಬ್ರವರಿಯಿಂದ ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಕಳಿಸುವವರಿಗೆ ಗೂಗಲ್ ಬಿಗಿ ಮಾಡಿದೆ. ಇಮೇಲ್ ನಿಜವಾಗಿ ನಿಮ್ಮಿಂದಲೇ ಬಂದದ್ದು ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರೂ ಗುರುತು ಇರಬೇಕು, ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು, ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು. ಸಾವಿರಕ್ಕೆ ಮೂವರು ಒತ್ತಿದರೆ ಸಾಕು, ತೊಂದರೆ ಶುರು. ಆದ್ದರಿಂದ ಕನ್ನಡ ಇಮೇಲಿನಲ್ಲಿ ಟೆಂಪ್ಲೇಟ್ ಸರಳವಾಗಿರಲಿ, ಅನ್‌ಸಬ್‌ಸ್ಕ್ರೈಬ್ ಲಿಂಕ್ ಮೇಲ್ಗಡೆಯೂ ಒಂದಿರಲಿ. ಕಳಿಸುವ ಮುಂಚೆ ನಿಮ್ಮದೇ ಜಿಮೇಲಿಗೆ ಒಂದು ಪ್ರತಿ ಹಾಕಿಕೊಂಡು, ಕೊನೆಯ ಸಾಲಿನವರೆಗೂ ಇಳಿದು ನೋಡಿ.